ಕಟ್ಟದೆ ಕಟ್ಟಿದ ಗೋಡೆ

ಮಾಕಳಿ

ನೇಪಾಳಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಅಪಾರ್ಟ್‌ಮೆಂಟಿನವರು ಕೇಳುವ ಮೊದಲ ಪ್ರಶ್ನೆ, ಪಶುಪತಿನಾಥನ ದರ್ಶನ ಆಯಿತಾ? ಆಗಲಿಲ್ಲ. ರುದ್ರಾಕ್ಷಿ ತಂದಿರಾ? ತರಲಿಲ್ಲ. ಹಿಮಾಲಯ? ಅದೂ ಕಾಣಲಿಲ್ಲ. ನಾನು ಹೋದ ಕಡೆ ನೆಲ ರೊಟ್ಟಿಯ ಹಾಗೆ ಚಪ್ಪಟೆ. "ಮತ್ತೆ ಏನ್ ನೋಡಕ್ಕೆ ಹೋಗಿದ್ರಿ?" ಎಂದರೆ "ಗೋಡೆ" ಎನ್ನುತ್ತೇನೆ. ಲಿಫ್ಟಿನಲ್ಲಿದ್ದವರು ನನ್ನ ಮುಖ ಬಿಟ್ಟು ಮಹಡಿಯ ನಂಬರು ನೋಡತೊಡಗುತ್ತಾರೆ.

ಕೋಪ ಮಾಡಿಕೊಂಡು ಹೊರಟ ಪ್ರವಾಸ ಇದು. ಕೋಪದಲ್ಲಿ ನೋಡಿದ್ದನ್ನು ಎಷ್ಟು ನಂಬಬೇಕು ಎಂಬ ಅನುಮಾನ ನನಗೇ ಇದೆ. ಓದುವವರೂ ಅದನ್ನು ಇಟ್ಟುಕೊಂಡೇ ಓದಲಿ.

ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಒಳಕ್ಕೆ, ನಮ್ಮದೊಂದು ಸೈಟಿದೆ. ಪೀಣ್ಯದ ಕಡೆಗೆ ಕಿಟಕಿ ಇರುವ ಫ್ಲಾಟಿನಲ್ಲಿ ಇಷ್ಟು ವರ್ಷ ಲೇತು, ಗ್ರೈಂಡರುಗಳ ಸದ್ದಿನೊಳಗೆ ಬದುಕಿದ್ದೇವೆ. ಆ ಸೈಟಿನಲ್ಲಿ ಮಣ್ಣಿನ ಮನೆ ಕಟ್ಟಬೇಕು ಎಂಬುದು ನನ್ನ ಹಟ. ಬಿದಿರಿನ ಗಳಗಳನ್ನು ಸಾಲಾಗಿ ನಿಲ್ಲಿಸಿ, ಅವಕ್ಕೆ ಅಡ್ಡಲಾಗಿ ಸೀಳಿದ ದಬ್ಬೆಗಳನ್ನು ಬಿಗಿದು, ಎರಡೂ ಕಡೆಯಿಂದ ಹುಲ್ಲು ಕಲಸಿದ ಮಣ್ಣು ಮೆತ್ತುವುದು. ಕಾಂಕ್ರೀಟಿನೊಳಗೆ ಕಂಬಿ ಮಾಡುವ ಕೆಲಸವನ್ನು ಮಣ್ಣಿನೊಳಗೆ ಬಿದಿರು ಮಾಡುತ್ತದೆ. ನಕ್ಷೆ ಮಾಡಿಕೊಟ್ಟ ಹುಡುಗಿ ತನ್ನ ಕೆಲಸಗಾರರನ್ನು ಕರೆತಂದು ಮೂರು ಗೋಡೆ ಎಬ್ಬಿಸಿಕೊಟ್ಟಳು. ಆಮೇಲೆ ಅವರಿಗೆ ಬೇರೆಲ್ಲೋ ಕೆಲಸ ಬಂತು. ಉಳಿದ ಪಶ್ಚಿಮದ ಗೋಡೆಯನ್ನು ಊರಿನ ಮೇಸ್ತ್ರಿ ಮುನಿಯಪ್ಪ ಎತ್ತಿದ.

ಮೊದಲ ಮಳೆಗಾಲದಲ್ಲೇ ಆ ಗೋಡೆ ಹೊಟ್ಟೆ ಬಿಟ್ಟಿತು. ನಡುವೆ ಕೈ ತೂರುವಷ್ಟು ಬಿರುಕು.

ನೋಡಲು ಬಂದವರು ನಮ್ಮ ಮನೆಯವರ ಸ್ನೇಹಿತರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸಿದ ಎಂಜಿನಿಯರು. ಗೋಡೆಯನ್ನು ಕೈಯಲ್ಲಿ ಮುಟ್ಟಲೂ ಇಲ್ಲ. ಕಾರಿನ ಕೀಲಿಯಿಂದ ಎರಡು ಸಲ ಕುಟ್ಟಿದರು.

"ಬಿದಿರಿಗೆ ಕಂಬಿ ಕೆಲಸ ಕೊಟ್ರೆ ಹಿಂಗೇ ಆಗೋದು ಮೇಡಂ. ಪೂರ್ತಿ ತೆಗೆದುಬಿಡಿ. ಇವತ್ತು ಇದು, ನಾಳೆ ಅವು ಮೂರೂ."

"ಅವು ಮೂರು ಸರಿಯಾಗೇ ನಿಂತಿವೆಯಲ್ಲ?"

"ಪಶ್ಚಿಮಕ್ಕೆ ಮಳೆ ಜಾಸ್ತಿ ಹೊಡಿಯುತ್ತೆ. ಅಷ್ಟೇ ವ್ಯತ್ಯಾಸ."

ಮನೆಯವರು ಜೆಸಿಬಿಯವನಿಗೆ ಹೇಳಿಯೇ ಬಿಟ್ಟರು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ನಾನು ಒಂದು ಪ್ರವಾಸ ಹೋಗಿ ಬರುವತನಕ ಮನೆಗೆ ಕೈ ಹಚ್ಚಬಾರದು ಎಂದು ಮಾತಾಯಿತು. ಬಂದ ಮಾರನೆಯ ದಿನ ಕೆಡವುವುದು. ಗೋಡೆಯಿಂದ ಉದುರಿದ ಒಂದು ಹೆಂಟೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ನೇಪಾಳವೇ ಏಕೆ? ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಉಪೇಂದ್ರ ಎಂಬಾತ ಹಲವು ವರ್ಷ ಕಾವಲಿಗಿದ್ದ. ಜನಕಪುರದ ಹತ್ತಿರದ ಹಳ್ಳಿಯವನು. ಒಮ್ಮೆ ಮಾಕಳಿಗೆ ನಮ್ಮ ಜೊತೆ ಸಾಮಾನು ಇಳಿಸಲು ಬಂದವನು ಗೋಡೆಗಳನ್ನು ನೋಡಿ, "ಮೇಡಂ, ನಮ್ಮ ಊರಲ್ಲಿ ಎಲ್ಲಾ ಮನೆ ಇದೇ" ಎಂದಿದ್ದ. ಹಾಗೆಂದು ನನ್ನ ನೆನಪು. ಆ ಒಂದು ಮಾತು ಹಿಡಿದು ನಾನು ದೇಶ ದಾಟಿದೆ.

ಗಡಿ

ಜಯನಗರ ಎಂದರೆ ನಮಗೆ ಬೆಂಗಳೂರಿನದೇ. ಬಿಹಾರದ ಈ ಜಯನಗರದಲ್ಲಿ ಗಡಿ ದಾಟುವ ಪುಟ್ಟ ರೈಲು ನಿಂತಿರುತ್ತದೆ. ಹತ್ತುವ ಮೊದಲು ಚೀಲ ಬಿಚ್ಚಿ ತೋರಿಸಬೇಕು. ನನ್ನ ಮುಂದಿದ್ದವಳ ಚೀಲದಲ್ಲಿ ಕುಕ್ಕರು, ಅವಳ ಮುಂದಿನವನ ಚೀಲದಲ್ಲಿ ಬರೀ ಬಿಸ್ಕತ್ತು. ನನ್ನದರಲ್ಲಿ ಮಣ್ಣು.

"ಇದೇನು?" ಎಂದ ಕಾವಲಿನವನು ಹಿಂದಿಯಲ್ಲಿ.

"ಮಣ್ಣು."

"ತಿನ್ನುವುದಕ್ಕಾ?"

ಆ ಸೀಮೆಯಲ್ಲಿ ಬಸುರಿಯರು ಸುಟ್ಟ ಮಣ್ಣು ತಿನ್ನುತ್ತಾರಂತೆ. ನನ್ನ ತಲೆಯ ನರೆಗೂದಲು ನೋಡಿಯೂ ಆತ ಹಾಗೆ ಕೇಳಿದ್ದಕ್ಕೆ ಹಿಂದಿನವರೆಲ್ಲ ನಕ್ಕರು.

"ನಮ್ಮ ಮನೆಯ ಗೋಡೆ ಇದು," ಎಂದೆ.

ಆತ ಹೆಂಟೆಯನ್ನು ಮೂಗಿಗೆ ಹಿಡಿದ, ಬೆರಳಲ್ಲಿ ಕೆದಕಿದ, ಒಳಗೆ ಏನಾದರೂ ಅಡಗಿಸಿದ್ದೇನೆಯೇ ಎಂದು ಒಂದು ಮೂಲೆ ಮುರಿದ. ಮಣ್ಣು ಅವನ ಮೇಜಿನ ಮೇಲೆ ಉದುರಿತು. ಊದಿ ಚೊಕ್ಕ ಮಾಡಿ, "ಗೋಡೆ ಹೊತ್ತುಕೊಂಡು ತಿರುಗುವವರನ್ನು ಇವತ್ತೇ ನೋಡಿದ್ದು, ಹೋಗಿ ಅಕ್ಕಾ," ಎಂದ. ಎಂಜಿನಿಯರರ ಕೀಲಿ, ಇವನ ಬೆರಳು. ನನ್ನ ಗೋಡೆಯನ್ನು ಕೆದಕುವ ಹಕ್ಕು ಎಲ್ಲರಿಗೂ ಇದೆ ಎಂದುಕೊಂಡು ರೈಲು ಹತ್ತಿದೆ. ಆದರೆ ಒಪ್ಪಿಕೊಳ್ಳಬೇಕು, ಹೆಂಟೆಯನ್ನು ಹಾಗೆ ಒಡೆದು ಒಳಗೆ ನೋಡಿದವನು ಅವನೊಬ್ಬನೇ.

ಗುಲಾಬಿ ಮನೆ

ಕೆಲಸ ಬಿಟ್ಟು ಊರು ಸೇರಿದ್ದ ಉಪೇಂದ್ರ ಜನಕಪುರದ ಸ್ಟೇಷನ್ನಿಗೆ ಬಂದಿದ್ದ. ನನ್ನನ್ನು ಕಂಡವನೇ ಗೇಟಿನ ಹಳೆಯ ಗತ್ತಿನಲ್ಲಿ ಕೈ ಅಡ್ಡ ಹಿಡಿದು, "ಯಾವ ಫ್ಲಾಟು ಮೇಡಂ?" ಎಂದ. ನಗದೆ ಇರಲಾಗಲಿಲ್ಲ. ಅವನ ಕನ್ನಡ ಗೇಟಿನಲ್ಲಿ ಕಲಿತದ್ದು. ಹೆಣ್ಣು ಗಂಡು, ನಾನು ನೀನು ಎಲ್ಲ ಒಂದರ ಜಾಗದಲ್ಲಿ ಒಂದು ಕೂರುತ್ತವೆ. ನನಗೆ ಹಿಂದಿ ಬರುತ್ತದೆ ಎಂದು ಗೊತ್ತಿದ್ದರೂ ಊರಿನವರ ಎದುರು ಕನ್ನಡವನ್ನೇ ಆಡುತ್ತಿದ್ದ.

ಅವನ ಹಳ್ಳಿಗೆ ಕಾಲಿಟ್ಟಾಗ ನನ್ನ ಕೋಪಕ್ಕೆ ಹೊಸ ಗಿರಾಕಿ ಸಿಕ್ಕಿತು. ಬೀದಿಯ ಎರಡೂ ಬದಿ ಸಿಮೆಂಟಿನ ಮನೆಗಳು. ತಾರಸಿಗಳ ಮೇಲೆ, ಮುಂದೆಂದೋ ಏಳಲಿರುವ ಮಹಡಿಗಾಗಿ ಬಿಟ್ಟ ಕಂಬಿಗಳು ತುಕ್ಕು ಹಿಡಿದು ನಿಂತಿದ್ದವು, ನಮ್ಮ ದಾಸರಹಳ್ಳಿಯ ಹಾಗೆಯೇ. ಉಪೇಂದ್ರನದು ಎಲ್ಲರಿಗಿಂತ ಗುಲಾಬಿ.

"ಎಲ್ಲಾ ಮನೆ ಮಣ್ಣಿಂದು ಅಂದಿದ್ದೆಯಲ್ಲೋ?"

"ಆಗ ಮೇಡಂ. ನಾನು ಚಿಕ್ಕದು ಇದ್ದಾಗ." ಅವನಿಗೆ ನಿಜಕ್ಕೂ ಆಶ್ಚರ್ಯ. "ನೀವು ಅದು ನೋಡೋಕೆ ಬಂದಿದ್ದು? ನಾನು ನನ್ನ ಮನೆ ನೋಡೋಕೆ ಬರ್ತಾಳೆ ಅಂದ್ಕೊಂಡೆ."

ಅವನು ಅಂದು ಹೇಳಿದ್ದು "ಇದೇ" ಎಂದೋ, "ಇದೇ ಇತ್ತು" ಎಂದೋ? ಎರಡಕ್ಷರದ ವ್ಯತ್ಯಾಸ. ನನಗೆ ಬೇಕಾದದ್ದನ್ನು ನನ್ನ ಕಿವಿ ಉಳಿಸಿಕೊಂಡಿರಬಹುದು. ದಿನವೂ ದಿನಚರಿ ಬರೆಯುವವಳು ನಾನು, ಆದರೆ ಅದರಲ್ಲಿ ಬರೆದಿಡುವುದೆಲ್ಲ ನನ್ನ ಬೇಸರ. ಬೇರೆಯವರ ಮಾತು ಅದರೊಳಗೆ ಬರುವುದೇ ಇಲ್ಲ.

ಮನೆಯ ಹಿಂದೆ, ಬಾಳೆಗಿಡಗಳ ಮರೆಯಲ್ಲಿ, ಒಂದೇ ಒಂದು ಮಣ್ಣಿನ ಕೋಣೆ ಉಳಿದಿತ್ತು. ಅವನ ತಾಯಿಯ ಅಡಿಗೆಮನೆ. ಗೋಡೆಯ ಒಂದು ಕಡೆ ಮಣ್ಣು ಉದುರಿ ಒಳಗಿನ ಬಿದಿರಿನ ಹೆಣಿಗೆ ಕಾಣುತ್ತಿತ್ತು. ಅದಕ್ಕೆ ಅವರು ಟಾಟ್ ಎನ್ನುತ್ತಾರೆ. ನಮ್ಮ ತಟ್ಟಿಯೇ. ಆ ಪದ ಕೇಳಿದಾಗ ಪರದೇಶದಲ್ಲಿ ನಮ್ಮ ಕಡೆಯ ಬಸ್ಸಿನ ಬೋರ್ಡು ಕಂಡ ಹಾಗಾಯಿತು. ಗೋಡೆಯ ಬುಡವನ್ನು ಗೆದ್ದಲು ತಿಂದಿತ್ತು, ಆದರೂ ಗೋಡೆ ನೆಟ್ಟಗೆ ನಿಂತಿತ್ತು.

"ಇದೂ ತೆಗಿತೀನಿ ಮೇಡಂ, ಮುಂದಿನ ವರ್ಷ," ಎಂದ ಉಪೇಂದ್ರ ನಾಚಿಕೆಯಿಂದ, ಮನೆಯ ಕಸ ತೋರಿಸಿಬಿಟ್ಟವನ ಹಾಗೆ.

"ಯಾಕೆ ತೆಗಿಬೇಕು? ಚೆನ್ನಾಗೇ ಇದೆಯಲ್ಲ?"

"ನೀವು ಬೆಂಗಳೂರಲ್ಲಿ ಮಣ್ಣು ಮನೆ ಮಾಡಿದ್ರೆ ಶೋಕಿ. ನಾನು ಮಾಡಿದ್ರೆ ಬಡವ."

ನನಗೆ ಸಿಟ್ಟು ಬಂತು. ಅವನ ಮೇಲೆ ಬಂದಿದ್ದೋ, ಅವನು ಸರಿಯಾಗಿ ಹೇಳಿದನೆಂದು ಬಂದಿದ್ದೋ, ಈಗಲೂ ಬಿಡಿಸಲಾರೆ. ಅವನ ತಾಯಿಗೆ ಮೈಥಿಲಿ ಬಿಟ್ಟರೆ ಬೇರೆ ಮಾತು ಬಾರದು. ನಾನು ತಂದ ಹೆಂಟೆಯನ್ನು ಅಂಗೈಯಲ್ಲಿ ತೂಗಿ ನೋಡಿ ಏನೋ ಹೇಳಿ ನಕ್ಕರು.

"ಏನಂತೆ?"

"ಮಣ್ಣು ಚೆನ್ನಾಗಿದೆ, ಒಲೆ ಮಾಡಬಹುದು ಅಂತಾನೆ ಅಮ್ಮ."

ಹೊಳೆ

ಮಾರನೆಯ ದಿನ ಅವನ ತಾಯಿ ಹೊಳೆಯಾಚೆಯ ಸಂತೆಗೆ ಹೊರಟಿದ್ದರು, ನಾವೂ ಜೊತೆಗೆ ಹೋದೆವು. ಅದು ಛಠ್ ಹಬ್ಬ ಕಳೆದ ವಾರ. ದಡದಲ್ಲಿ ಪೂಜೆಯ ಬಾಳೆದಿಂಡುಗಳು ಕೊಳೆಯುತ್ತಿದ್ದವು. ಮಳೆಗಾಲದಲ್ಲಿ ಕೊಚ್ಚಿಹೋಗುವ ಬಿದಿರಿನ ಸೇತುವೆಯನ್ನು ಊರಿನವರು ವರ್ಷ ವರ್ಷ ಹೊಸದಾಗಿ ಹಾಕಿಕೊಳ್ಳುತ್ತಾರೆ. ಆ ಕೆಲಸ ನಡೆದಿತ್ತು. ಉದ್ದದ ಗಳಗಳನ್ನು ನೆಲದ ಮೇಲೆ ಹಾಸಿ, ಅಡ್ಡ ತುಂಡುಗಳನ್ನಿಟ್ಟು, ಅವು ಕೂಡುವಲ್ಲೆಲ್ಲ ಹಗ್ಗ ಸುತ್ತಿ, ಕಾಲು ಕೊಟ್ಟು ಜಗ್ಗಿ ಬಿಗಿಯುತ್ತಿದ್ದರು. ಮುಗಿದ ಅರ್ಧದ ಮೇಲೆ ಆಗಲೇ ಸೈಕಲ್ಲು, ಮೇಕೆ, ಮದುವೆಗೆ ಹೊರಟ ಸೀರೆಗಳು ಓಡಾಡುತ್ತಿದ್ದವು. ಉಳಿದರ್ಧವನ್ನು ಮೊಣಕಾಲು ನೀರಿನಲ್ಲಿ ದಾಟುತ್ತಿದ್ದರು. ಅರ್ಧ ಸೇತುವೆಯನ್ನೂ ಬಳಸಿಕೊಳ್ಳುವ ಈ ಅವಸರ ನನಗೆ ನಮ್ಮ ಊರಿನದೇ ಅನ್ನಿಸಿತು.

ಹತ್ತಲು ನನಗೆ ಧೈರ್ಯ ಬರಲಿಲ್ಲ. ದಡದಲ್ಲೇ ಕೂತೆವು. ಉಪೇಂದ್ರ ತಾಯಿಗೆ ನನ್ನ ಗೋಡೆಯ ಕಥೆ ಹೇಳಿದ. ಆಕೆ ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದರು.

"ಅಮ್ಮ ಕೇಳ್ತಾನೆ, ನೀವು ಕಟ್ಟಿದ್ರಾ ಅಂತ."

"ಕಟ್ಟಿದ್ವಲ್ಲಪ್ಪ. ಕಟ್ಟಿದ್ದಕ್ಕೇ ತಾನೇ ಈಗ ಬಿರುಕು ಬಿಟ್ಟಿರೋದು?"

"ಅಲ್ಲ ಮೇಡಂ. ಕಟ್ಟಿದ್ರಾ?"

"ಅದೇ ಕಣೋ, ಕಟ್ಟಿದ್ವಿ. ಮನೆ ಕಟ್ಟಿದ್ವಿ."

"ಅಯ್ಯೋ ಮನೆ ಅಲ್ಲ. ಹಗ್ಗ. ಹಗ್ಗ ಕಟ್ಟಿದ್ರಾ, ಬಿದ್ರಿಗೆ?" ಅವನು ಎರಡು ತೋರುಬೆರಳುಗಳನ್ನು ಅಡ್ಡಡ್ಡ ಇಟ್ಟು ಗಾಳಿಯಲ್ಲಿ ಹಗ್ಗ ಸುತ್ತಿದ.

ಆಗ ಮುನಿಯಪ್ಪನ ದನಿ ಕೇಳಿಸಿತು. ಕೇಳಿಸಿತು ಎಂದು ಬರೆಯುವಾಗಲೇ ಹೆದರುತ್ತೇನೆ. ನಾನು ಹುಟ್ಟಿಸಿಕೊಂಡ ದನಿಯೂ ಇರಬಹುದು. ಆದರೂ ನೆನಪಿಗೆ ಬಂದದ್ದು ಹೀಗೆ. ಮಾಕಳಿಯ ಬಿಸಿಲಿನಲ್ಲಿ ಪಶ್ಚಿಮದ ಗೋಡೆಯ ಬಿದಿರನ್ನೆಲ್ಲ ನೆಲದ ಮೇಲೆ ಹಾಸಿದ್ದಾರೆ. ಮುನಿಯಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದಾನೆ.

"ಅಕ್ಕಾ, ಇದ್ನ ಇಂಗೆ ಕಟ್ಬಾರ್ದು."

ಆ ತಿಂಗಳಲ್ಲಿ ನನಗೆ ಕಟ್ಟಬಾರದು ಎಂದು ಹೇಳದವರು ಯಾರು? ನಮ್ಮ ಮನೆಯವರು, ಅವರ ಫ್ಯಾಕ್ಟರಿಯ ಸ್ನೇಹಿತರು, ಕೆಳಗಿನ ಫ್ಲಾಟಿನವರು. ಇವನೂ ಸೇರಿಕೊಂಡ ಎಂದು ರೇಗಿಹೋಯಿತು. "ನನ್ನ ಹತ್ರ ಇನ್ನು ಆ ಮಾತು ಬೇಡ ಮುನಿಯಪ್ಪ. ನಿಮ್ಮ ಪಾಡಿಗೆ ನೀವು ಚೆನ್ನಾಗಿ ಮಣ್ಣು ಹಾಕಿ, ಅಷ್ಟು ಸಾಕು," ಎಂದೆ.

ನಾನು ಮನೆ ಕಟ್ಟುವ ಮಾತು ಆಡಿದೆ. ಅವನು ಹಗ್ಗ ಕಟ್ಟುವ ಮಾತು ಆಡಿದ್ದ. ಇಬ್ಬರೂ ಕನ್ನಡದವರೇ. ಒಂದು ಕ್ರಿಯಾಪದಕ್ಕೆ ಎರಡು ಕೆಲಸ ವಹಿಸಿ ಕೂತ ನಮ್ಮ ಭಾಷೆಯ ಮೇಲೂ ಆ ದಡದಲ್ಲಿ ನನಗೆ ಸಿಟ್ಟು ಬಂತು. ಮೈಥಿಲಿಯಲ್ಲಿ ಎರಡಕ್ಕೂ ಬೇರೆ ಬೇರೆ ಪದವಂತೆ.

ಆದರೆ ಏಕೆ? ಯಾವ ಮೇಸ್ತ್ರಿಯಾದರೂ ಬಿದಿರು ಬಿಗಿಯಬಾರದು ಎನ್ನುತ್ತಾನೆಯೇ?

"ಈ ಸೇತುವೆಗೆ ಏನಂತೀರಿ ನೀವು?" ಎಂದು ಮಾತು ಬದಲಿಸಲು ಕೇಳಿದೆ.

"ಚಚರಿ. ಸತ್ರೆ ತಗೊಂಡು ಹೋಗ್ತಾರಲ್ಲ, ಮಲಗಿಸ್ಕೊಂಡು? ಅದೂ ಚಚರಿ. ಎರಡೂ ಒಂದೇ ಮೇಡಂ, ಬಿದ್ರು, ಹಗ್ಗ." ಅವನು ಆ ಮಾತನ್ನು ತಾಯಿಗೂ ಹೇಳಿದ. ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತ ಏನೋ ಅಂದರು. ಅವನು ಕನ್ನಡಕ್ಕೆ ತಂದ. "ಅಮ್ಮ ಅಂತಾನೆ, ದಿನಾ ಇದ್ರ ಮೇಲೆ ಸಂತೆಗೆ ಹೋಗ್ತೀನಿ. ಒಂದು ದಿನ ಸಂತೆಗೆ ಹೋಗಲ್ಲ, ಅಷ್ಟೇ."

ಚಟ್ಟ. ಎರಡು ಉದ್ದದ ಗಳ, ಅಡ್ಡಕ್ಕೆ ತುಂಡು, ನೆಲದ ಮೇಲೆ ಹಾಸಿ ಕಟ್ಟುವುದು. ಮುನಿಯಪ್ಪನ ಕಣ್ಣಿಗೆ ಅಂದು ಕಂಡದ್ದು ಅದೇ. ಮೊದಲ ಮೂರು ಗೋಡೆಗಳನ್ನು ಹೊರಗಿನವರು ನಿಲ್ಲಿಸಿಕೊಂಡೇ ಬಿಗಿದಿದ್ದರು. ಆಕಾರ ಯಾರಿಗೂ ಕಾಣಲಿಲ್ಲ. ಇವನು ಸುಲಭವಾಗಲಿ ಎಂದು ನೆಲದ ಮೇಲೆ ಹಾಸಿಕೊಂಡ, ಕಂಡುಬಿಟ್ಟಿತು. ನನಗೆ ಹೇಗೆ ಕಾಣಬೇಕು? ನಮ್ಮವರಲ್ಲಿ ಸತ್ತವರನ್ನು ಕೂರಿಸಿ, ಹೂವಿನ ವಿಮಾನದಲ್ಲಿ ಒಯ್ಯುತ್ತಾರೆ. ದಾವಣಗೆರೆಯ ನಮ್ಮ ಮನೆಯಲ್ಲಿ ಚಟ್ಟ ಎಂಬುದು ಬೈಗುಳದಲ್ಲಿ ಮಾತ್ರ ಇದ್ದ ವಸ್ತು.

ಆ ಮಧ್ಯಾಹ್ನ ಸೇತುವೆ ಹತ್ತಿದೆ. ಒಂದೊಂದು ಗಂಟನ್ನೂ ನೋಡಿಕೊಂಡು ಹೆಜ್ಜೆ ಇಟ್ಟೆ. ಅದು ತೂಗಾಡಿತು, ಆದರೆ ಎಲ್ಲೂ ಜಾರಲಿಲ್ಲ.

ಫೋನು

ನನ್ನ ಸಿಮ್ಮು ಗಡಿಯಲ್ಲೇ ಸತ್ತಿತ್ತು. ಉಪೇಂದ್ರನ ಫೋನಿನಿಂದ ಮನೆಯವರಿಗೆ ವಿಡಿಯೊ ಕರೆ ಮಾಡಿದೆ.

"ಜೆಸಿಬಿಗೆ ಬೇಡ ಅಂತ ಹೇಳ್ರಿ. ಮುನಿಯಪ್ಪ ಆ ಗೋಡೆಗೆ ಬಿದಿರು ಬಿಗಿದೇ ಇಲ್ಲ. ಬರೀ ಗಳ ನೆಟ್ಟು, ಮಣ್ಣಿನ ಮಧ್ಯೆ ದಬ್ಬೆ ಇಡ್ತಾ ಹೋಗಿದಾನೆ."

"ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನೆನಪಾಯ್ತು."

"ಇಷ್ಟು ದಿನ ಇಲ್ಲದ್ದು, ನೇಪಾಳದಲ್ಲಿ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಫ್ಯಾಕ್ಟರಿಯಲ್ಲಿ ಮಾಲು ತಪಾಸಣೆ ಮಾಡುವವರು ಅವರು, ಕಣ್ಣಾರೆ ಕಾಣದ್ದನ್ನು ಪಾಸು ಮಾಡುವುದಿಲ್ಲ. "ನೋಡು, ನಿಂಗೆ ನಿಜವಾಗ್ಲೂ ನೆನಪಿದ್ಯಾ, ಇಲ್ಲಾ ನೆನಪಿರ್ಬೇಕು ಅಂತ ಆಸೆನಾ?"

ನನ್ನನ್ನು ಬಲ್ಲವರು ಕೇಳಬಹುದಾದ ಅತ್ಯಂತ ಕ್ರೂರ ಪ್ರಶ್ನೆ ಅದು. ನಾನೇ ನನಗೆ ಕೇಳಿಕೊಳ್ಳುತ್ತಿದ್ದದ್ದೂ ಅದೇ.

"ಗೋಡೆ ಒಡೆದು ನೋಡ್ರಿ. ನನ್ನ ನಂಬಬೇಡಿ, ಗೋಡೆನ ನಂಬಿ."

"ಒಡಿಯೋಕೇ ತಾನೇ ಜೆಸಿಬಿ ಬರ್ತಿರೋದು?"

ಫೋನು ಕತ್ತರಿಸಿದೆ. ಅದು ನನ್ನ ಫೋನಲ್ಲ ಎಂಬುದು ಆಮೇಲೆ ನೆನಪಾಯಿತು. ಉಪೇಂದ್ರ ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು, "ಸಾರ್ ಇನ್ನೂ ಹಂಗೇ ಇದೆ," ಎಂದ.

ಮತ್ತೆ ಮಾಕಳಿ

ಜೆಸಿಬಿ ನನಗಿಂತ ಮೊದಲೇ ಬಂದು ರಸ್ತೆಯಲ್ಲಿ ನಿಂತಿತ್ತು. ಡ್ರೈವರು ನೆರಳಲ್ಲಿ ಚಿತ್ರಾನ್ನ ತಿನ್ನುತ್ತಿದ್ದ. ಎಂಜಿನಿಯರು ಬಂದಿದ್ದರು, ಮನೆಯವರು ಬಂದಿದ್ದರು, ಮುನಿಯಪ್ಪನನ್ನೂ ಕರೆಸಿದ್ದರು. ನಾನು ಹಾರೆ ತೆಗೆದುಕೊಂಡು ನೇರ ಪಶ್ಚಿಮದ ಗೋಡೆಗೆ ಹೋದೆ. ಯಾರೂ ತಡೆಯಲಿಲ್ಲ. ಹೇಗೂ ಬೀಳುವ ಗೋಡೆ.

ಬಿರುಕಿನ ಬದಿಯ ಮಣ್ಣು ಅಷ್ಟು ಸುಲಭವಾಗಿ ಬಿಡಲಿಲ್ಲ. ಮನೆಯವರು ಸ್ವಲ್ಪ ಹೊತ್ತು ನೋಡಿ, ಹಾರೆಯನ್ನು ನನ್ನಿಂದ ತೆಗೆದುಕೊಂಡು ತಾವೇ ಮೀಟಿದರು. ಒಂದು ದೊಡ್ಡ ಪದರ ಕಳಚಿ ಬಿತ್ತು. ಒಳಗೆ ಗಳಗಳು ನಿಂತಿದ್ದವು, ದಬ್ಬೆಗಳು ಅವುಗಳ ಪಕ್ಕದಲ್ಲಿ ಮಲಗಿದ್ದವು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಮನೆಯವರು ಒಂದು ದಬ್ಬೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಡ್ರಾಯರಿನಿಂದ ಸ್ಕೇಲು ತೆಗೆದ ಹಾಗೆ ಬಂತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎಂಜಿನಿಯರರ ಕೈಗೆ ಕೊಟ್ಟರು.

"ಈಗ ಪಕ್ಕದ ಗೋಡೆ ಒಂಚೂರು ಕೆರೆದು ನೋಡೋಣ," ಎಂದರು. ಪಕ್ಕದ್ದರಲ್ಲಿ ಹಗ್ಗ ಗಟ್ಟಿಯಾಗಿತ್ತು.

ಎಂಜಿನಿಯರು ಕೀಲಿಯನ್ನು ಜೇಬಿಗೆ ಹಾಕಿದರು. "ಸರಿ ಮೇಡಂ. ಆದ್ರೂ ನಾನು ಗ್ಯಾರಂಟಿ ಕೊಡಲ್ಲ."

"ನಿಮ್ಮನ್ನ ಯಾರೂ ಕೇಳ್ಲಿಲ್ಲ," ಎಂದೆ. ಬೇರೆ ರೀತಿ ಹೇಳಬಹುದಿತ್ತು, ಹೇಳಲಿಲ್ಲ. ಮೂರು ಗೋಡೆ ನಿಂತಿದ್ದು ಕಣ್ಣಿಗೆ ಬಿದ್ದರೂ ನಾಲ್ಕನೆಯದರ ನೆಪದಲ್ಲಿ ಮಣ್ಣಿಗೇ ಮರಣದಂಡನೆ ಬರೆದವರ ಮೇಲೆ ನನ್ನ ಕೋಪ ಇವತ್ತಿಗೂ ಇಳಿದಿಲ್ಲ.

ಮುನಿಯಪ್ಪ ದೂರದಲ್ಲೇ ನಿಂತಿದ್ದ.

"ನನ್ ಮ್ಯಾಲೆ ಸಿಟ್ಟಾಗ್ಬೇಡಿ ಅಕ್ಕಾ. ನಾನ್ ಏಳಿದ್ನಲ್ಲ, ಕಟ್ಬಾರ್ದು ಅಂತ. ನೀವು ಬರೀ ಮಣ್ಣಾಕು ಸಾಕು ಅಂದ್ರಿ."

ಹೇಳಿದ್ದ. ನಾನು ಹುಟ್ಟಿಸಿಕೊಂಡದ್ದಲ್ಲ. ಅಷ್ಟರಮಟ್ಟಿಗೆ ನನ್ನ ನೆನಪು ನನಗೆ ದ್ರೋಹ ಮಾಡಿರಲಿಲ್ಲ.

"ಈ ಗೋಡೆ ಬಿಚ್ಚಿ ಮತ್ತೆ ಎತ್ತೋಣ. ಈ ಸಲ ಕಟ್ಟಿ ಮುನಿಯಪ್ಪ. ಹಗ್ಗ."

ಅವನು ನೆಲ ನೋಡಿದ. "ನಮ್ಮಪ್ಪಂದು ನಾನೇ ಕಟ್ಟಿದ್ದು. ನಮ್ಮಣ್ಣಂದೂ ನಾನೇ. ಈ ಕೈಲಿ ಬಾಳೋ ಮನೆ ಗೋಡೆಗೆ ಅದ್ನ ಕಟ್ಟಿ ನಿಲ್ಸಿ, ಅದ್ರೊಳ್ಗೆ ನೀವ್ ಮಲಿಕ್ಕಂಡ್ರೆ ನಂಗ್ ನಿದ್ದೆ ಬತ್ತದಾ? ಆಗಕಿಲ್ಲ ಅಕ್ಕಾ. ಬೇರೆ ಏನಾದ್ರೂ ಏಳಿ."

ನನಗೆ ಬಂದ ಕೋಪ ಅರ್ಧ ದಾರಿಯಲ್ಲಿ ನಿಂತಿತು. ಇದು ಮೂಢನಂಬಿಕೆ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಆದರೆ ಅಂದು ಆ ಬಿಸಿಲಿನಲ್ಲಿ ನನ್ನ ಮನೆಯ ಬಗ್ಗೆ ಒಳ್ಳೆಯದನ್ನು ಯೋಚಿಸಿದವನು ಅವನೊಬ್ಬನೇ ಆಗಿದ್ದ.

"ನಮ್ಮಲ್ಲಿ ಚಟ್ಟ ಇಲ್ಲ ಮುನಿಯಪ್ಪ," ಎಂದೆ. "ಕೂರಿಸ್ಕೊಂಡು ಹೋಗ್ತಾರೆ. ನನ್ನ ಕಣ್ಣಿಗೆ ಇದು ಬರೀ ಬಿದಿರು."

ಅವನು ಯೋಚಿಸಿದ. "ಅಂಗಾರೆ ನೀವೇ ಕಟ್ಟಿ. ನಾನ್ ನೋಡಲ್ಲ. ಮಣ್ ಮೆತ್ಬೇಕಾದ್ರೆ ಕರೀರಿ."

ಜೆಸಿಬಿ ಸುಮ್ಮನೆ ಹಿಂದಕ್ಕೆ ಹೋಯಿತು. ಕೆಲವು ದಿನಗಳಲ್ಲಿ ಹಳೆಯ ಮಣ್ಣನ್ನು ಬಿಡಿಸಿ, ನೆನೆಸಿ, ಮತ್ತೆ ಹುಲ್ಲು ತುಳಿದು ಹದ ಮಾಡಿದರು. ನೇಪಾಳ ಕಂಡು ಬಂದ ಹೆಂಟೆಯನ್ನೂ ಅದರಲ್ಲೇ ಹಾಕಿದೆ. ನಾನು ಗಳಗಳನ್ನು ನಿಲ್ಲಿಸಿಕೊಂಡೇ, ಹೊಳೆಯ ದಡದಲ್ಲಿ ನೋಡಿದ ಹಾಗೆ, ಹಗ್ಗ ಸುತ್ತಿ, ಕಾಲು ಕೊಟ್ಟು ಜಗ್ಗಿದೆ. ನೋಡಿದ್ದು ಹಾಗೆಯೋ ಎಂದು ಪ್ರತಿ ಗಂಟಿಗೂ ಅನುಮಾನ. ಅನುಮಾನ ಬಂದಲ್ಲೆಲ್ಲ ಇನ್ನೊಂದು ಸುತ್ತು. ಅಂಗೈ ಬೊಬ್ಬೆ ಎದ್ದಿತು. ಅಷ್ಟು ಹೊತ್ತೂ ಮುನಿಯಪ್ಪ ರಸ್ತೆಯ ಕಡೆ ಮುಖ ಮಾಡಿ, ಬೆನ್ನು ಇತ್ತ ಕೊಟ್ಟು, ಮಣ್ಣಿನ ಗುಡ್ಡೆಯ ಪಕ್ಕ ಕೂತಿದ್ದ. ನಕ್ಷೆಯ ಹುಡುಗಿಯನ್ನು ಫೋನಿನಲ್ಲಿ ಹಿಡಿದುಕೊಂಡು ನಮ್ಮ ಮನೆಯವರು ಗಂಟುಗಳನ್ನು ಒಂದೊಂದಾಗಿ ತಪಾಸಣೆ ಮಾಡಿದರು. ಕೆಲವನ್ನು ಫೇಲು ಮಾಡಿ ಬಿಚ್ಚಿಸಿದರು.

ಸಂಜೆಯ ಹೊತ್ತಿಗೆ ಮುನಿಯಪ್ಪ ತಿರುಗದೆಯೇ ಕೂಗಿದ.

"ಕಟ್ಟಾಯ್ತಾ ಅಕ್ಕಾ?"

"ಯಾವುದು ಕೇಳ್ತಿದ್ದೀರಿ ಮುನಿಯಪ್ಪ? ಹಗ್ಗನಾ, ಮನೆನಾ?"

"ಅಗ್ಗ."

"ಹಗ್ಗ ಕಟ್ಟಾಯ್ತು."

ಅವನು ಕಣ್ಣು ನೆಲಕ್ಕಿಟ್ಟುಕೊಂಡೇ ಎದ್ದು, ಎರಡು ಕೈ ತುಂಬ ಮಣ್ಣು ಬಾಚಿಕೊಂಡು ಬಂದು, ಮೊದಲ ಮುದ್ದೆಯನ್ನು ಗಂಟಿನ ಮೇಲೆಯೇ ಹೊಡೆದ.